ದೃಶ್ಯಕಲಾ ಪದವಿ: ಪ್ರವೇಶ, ವಿಭಾಗಗಳು ಮತ್ತು ಖರ್ಚು

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಅಥವಾ ಐ.ಟಿ.ಐ. ಎಂದು ಬರೆದಿದ್ದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ‘ಬಿ.ವಿ.ಎ.’ ಎಂದಿದ್ದರೆ ಮಾತ್ರ ಪ್ರಶ್ನೆಗಳು ಏಳುತ್ತವೆ. ಚಿತ್ರ ಬಿಡಿಸುವುದಕ್ಕೂ ಡಿಗ್ರಿ ಇದೆಯೇ? ಓದು ಮುಗಿದ ಮೇಲೆ ಮಕ್ಕಳು ಏನು ಮಾಡುತ್ತಾರೆ? ದೀನಿನ ದೃಷ್ಟಿಯಿಂದ ಇದು ಸರಿಯೇ? ಪೋಷಕರಿಗೂ ದಾನಿಗಳಿಗೂ ಈ ಪದವಿಯ ಸ್ವರೂಪ ತಿಳಿದಿರಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ವರದಿಯಲ್ಲಿ ಸೇರಿಸಲಾಗಿದೆ. ಗಮನದಲ್ಲಿಡಬೇಕಾದ ಮುಖ್ಯ ಸಂಗತಿ ಒಂದೇ: ಈ ಓದಿನಲ್ಲಿ ಪ್ರವೇಶ ದೊರಕಿದೊಡನೆ ಕೆಲಸ ಮುಗಿಯುವುದಿಲ್ಲ. ಎರಡನೇ ವರ್ಷದಿಂದ ವಿಭಾಗ ಬೇರೆಯಾಗುತ್ತದೆ, ಅದರೊಂದಿಗೆ ಖರ್ಚೂ ಏರುತ್ತದೆ. ಆ ಹಂತದಲ್ಲಿ ಕೈಬಿಟ್ಟರೆ ಮೊದಲು ಕೊಟ್ಟ ನೆರವೂ ನೀರಿನಲ್ಲಿ ಹೋದಂತೆ.

ಪದವಿ ಯಾವುದು?

ನಮ್ಮಲ್ಲಿ ‘ಆರ್ಟ್ಸ್’ ಅಥವಾ ‘ಕಲಾ ವಿಭಾಗ’ ಎಂದರೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವ ಬಿ.ಎ. ಎಂದೇ ರೂಢಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ಚಿತ್ರ, ಶಿಲ್ಪ, ಮುದ್ರಣ, ವಿನ್ಯಾಸಗಳನ್ನು ಕಲಿಸುವ ಪದವಿಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್, ಅಂದರೆ ಬಿ.ವಿ.ಎ. ಎಂದು ಹೆಸರು. ಬೇರೆ ರಾಜ್ಯಗಳ ಹಲವು ವಿಶ್ವವಿದ್ಯಾಲಯಗಳಲ್ಲಿ ಇದನ್ನೇ ಬಿ.ಎಫ್.ಎ. ಎನ್ನುತ್ತಾರೆ. ಅವಧಿ 4 ವರ್ಷ, 8 ಸೆಮಿಸ್ಟರ್. ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದವರೂ ಅರ್ಜಿ ಹಾಕಬಹುದು.

ಚಿತ್ರಕಲೆಯನ್ನು ಒಂದು ವಿಷಯವಾಗಿ ಓದುವ ಬಿ.ಎ., ಖಾಸಗಿ ಸಂಸ್ಥೆಗಳು ಕೊಡುವ ಡಿಪ್ಲೊಮಾ ಮತ್ತು ಬಿ.ವಿ.ಎ. ಈ ಮೂರೂ ಬೇರೆ ಬೇರೆ. ಮುಂದೆ ಎಂ.ವಿ.ಎ. ಓದುವುದಕ್ಕೂ ಪದವಿ ಕೇಳುವ ಪರೀಕ್ಷೆಗಳಿಗೆ ಕೂರುವುದಕ್ಕೂ ಇದು ಮುಖ್ಯವಾಗುತ್ತದೆ. ಶುಲ್ಕ ಕಟ್ಟುವ ಮೊದಲು ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಪ್ರಮಾಣಪತ್ರದ ಮೇಲೆ ಯಾವ ಪದವಿಯ ಹೆಸರು ಬರುತ್ತದೆ ಎಂಬುದನ್ನು ಕಾಲೇಜಿನಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಎಲ್ಲಿ ಓದಬಹುದು?

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ) ಸರ್ಕಾರಿ ಸಂಸ್ಥೆ. ಬೆಂಗಳೂರಿನಲ್ಲಿ 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ. ಕಲಬುರಗಿ, ದಾವಣಗೆರೆ, ಹುಬ್ಬಳ್ಳಿ, ಮಂಗಳೂರಿನಲ್ಲೂ ದೃಶ್ಯಕಲಾ ಕಾಲೇಜುಗಳಿವೆ. ಹೊರರಾಜ್ಯಕ್ಕೆ ಹೋಗಬಲ್ಲವರಿಗೆ 1857ರಲ್ಲಿ ಶುರುವಾದ ಮುಂಬೈನ ಜೆ.ಜೆ. ಕಲಾಶಾಲೆ, ಶಾಂತಿನಿಕೇತನದ ಕಲಾಭವನ, ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ, ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಗಳು ಹೆಸರಾದವು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೋದ ಕೆ.ಕೆ. ಹೆಬ್ಬಾರರು ಓದಿದ್ದು ಜೆ.ಜೆ. ಶಾಲೆಯಲ್ಲಿ. ಗುಜರಾತಿನ ಸುರೇಂದ್ರನಗರದ ಗುಲಾಂ ಮೊಹಮ್ಮದ್ ಶೇಖ್ ಬರೋಡಾದಲ್ಲಿ ಓದಿ ಅಲ್ಲಿಯೇ ಅಧ್ಯಾಪಕರಾದರು.

ಪ್ರವೇಶ ಹೇಗೆ?

ಅಂಕಪಟ್ಟಿಯೊಂದೇ ಸಾಲದು. ಹೆಚ್ಚಿನ ಕಾಲೇಜುಗಳು ಅಭಿರುಚಿ ಪರೀಕ್ಷೆ ನಡೆಸುತ್ತವೆ. ಮುಂದಿಟ್ಟ ವಸ್ತುವನ್ನು ನೋಡಿ ಬರೆಯುವುದು, ಕೊಟ್ಟ ವಿಷಯದ ಮೇಲೆ ನೆನಪಿನಿಂದ ಚಿತ್ರ ರಚಿಸುವುದು, ಬಣ್ಣ ಮತ್ತು ವಿನ್ಯಾಸದ ಅಭ್ಯಾಸ ಇವು ಸಾಮಾನ್ಯ. ಮಾಡಿಟ್ಟ ಚಿತ್ರಗಳನ್ನು ನೋಡಿ, ಒಂದೆರಡು ಮಾತು ಕೇಳುವುದೂ ಉಂಟು.

ಇದಕ್ಕೆ ತಯಾರಿ ಹೈಸ್ಕೂಲಿನಿಂದಲೇ ಆಗಬೇಕು. ಶಾಲೆಯಲ್ಲಿ ಕಟ್ಟಬಹುದಾದ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳು ಕೈಗೆ ಶಿಸ್ತು ತರುತ್ತವೆ. ಮೊಬೈಲಿನಲ್ಲಿ ಸಿಕ್ಕಿದ ಫೋಟೊವನ್ನು ಗೆರೆ ತಪ್ಪದಂತೆ ನಕಲು ಮಾಡಿದ ಹತ್ತು ಚಿತ್ರಗಳಿಗಿಂತ, ಮನೆಯ ಅಡುಗೆಕೋಣೆ, ಬಸ್ ನಿಲ್ದಾಣ, ಸಂತೆಯ ತರಕಾರಿ ರಾಶಿ ಇವನ್ನು ನೋಡಿ ಬರೆದ ಒಂದು ಸ್ಕೆಚ್ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಗುವಿಗೆ ನೋಡುವ ಅಭ್ಯಾಸ ಇದೆಯೇ ಎಂದು ಪರೀಕ್ಷಕರು ಹುಡುಕುತ್ತಾರೆ. ಪೂರ್ತಿ ಪಳಗಿದ ಕೈಯನ್ನು ಅವರು ಆಗಲೇ ನಿರೀಕ್ಷಿಸುವುದಿಲ್ಲ.

ಮೊದಲ ವರ್ಷ ಎಲ್ಲರಿಗೂ ಒಂದೇ

ಮೊದಲ ವರ್ಷವನ್ನು ಸಾಮಾನ್ಯವಾಗಿ ‘ಫೌಂಡೇಶನ್’ ಎನ್ನುತ್ತಾರೆ. ರೇಖಾಚಿತ್ರ, ಬಣ್ಣ, ವಿನ್ಯಾಸ, ಜೇಡಿಮಣ್ಣಿನ ಕೆಲಸ, ಅಚ್ಚು ತೆಗೆಯುವುದು, ಅಕ್ಷರ ಬರೆಯುವುದು ಎಲ್ಲದರ ಪರಿಚಯವೂ ಇಲ್ಲಿ ಆಗುತ್ತದೆ. ಜೊತೆಗೆ ಭಾಷಾ ಪಾಠ ಮತ್ತು ಕಲಾ ಇತಿಹಾಸ ಇರುತ್ತವೆ. ತನಗೆ ಬಣ್ಣ ಒಗ್ಗುತ್ತದೆ ಎಂದುಕೊಂಡಿದ್ದ ಹುಡುಗಿಗೆ ಮಣ್ಣು ಹೆಚ್ಚು ಹಿಡಿಸಬಹುದು. ಅದನ್ನು ಕಂಡುಕೊಳ್ಳಲೆಂದೇ ಈ ವರ್ಷ ಇರುವುದು.

ಇಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ದಾರಿ ಇಲ್ಲ. ಸೆಮಿಸ್ಟರ್ ಉದ್ದಕ್ಕೂ ಮಾಡಿದ ಕೆಲಸಗಳಿಗೂ ಅಂಕ ಇರುತ್ತದೆ. ಹಾಜರಿ ಕಡಿಮೆಯಾದರೆ ಕೆಲಸವೂ ಹಿಂದೆ ಬೀಳುತ್ತದೆ. ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ನಿಂತು ಕೆಲಸ ಮಾಡಬೇಕಾಗುತ್ತದೆ, ಕೆಲವು ದಿನ ಸಂಜೆ ತಡವಾಗುತ್ತದೆ. ಹೆಣ್ಣುಮಕ್ಕಳನ್ನು ಸೇರಿಸುವ ಕುಟುಂಬಗಳು ಹಾಸ್ಟೆಲ್ ಮತ್ತು ಬಸ್ಸಿನ ವ್ಯವಸ್ಥೆಯನ್ನು ಪ್ರವೇಶಕ್ಕೆ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ವಿಭಾಗಗಳು

ಎರಡನೇ ವರ್ಷದಿಂದ ವಿದ್ಯಾರ್ಥಿ ಒಂದು ವಿಭಾಗವನ್ನು ಆರಿಸಿಕೊಳ್ಳಬೇಕು. ಎಲ್ಲ ಕಾಲೇಜಿನಲ್ಲೂ ಎಲ್ಲ ವಿಭಾಗಗಳು ಇರುವುದಿಲ್ಲ. ಮುಖ್ಯವಾದವು ಇವು:

1. ಚಿತ್ರಕಲೆ: ಜಲವರ್ಣ, ತೈಲವರ್ಣ, ಅಕ್ರಿಲಿಕ್, ಭಿತ್ತಿಚಿತ್ರ. ಸ್ವಂತ ಆಲೋಚನೆಗೆ ಹೆಚ್ಚು ಅವಕಾಶ, ಸ್ಥಿರ ಆದಾಯಕ್ಕೆ ಹೆಚ್ಚು ಕಾಯಬೇಕಾದ ವಿಭಾಗವೂ ಹೌದು.

2. ಶಿಲ್ಪಕಲೆ: ಮಣ್ಣು, ಪ್ಲಾಸ್ಟರ್, ಮರ, ಕಲ್ಲು, ಲೋಹ, ಫೈಬರ್. ದೇಹಶ್ರಮ ಹೆಚ್ಚು. ಎರಕದ ಕೆಲಸಕ್ಕೆ ಖರ್ಚು ಹೆಚ್ಚು.

3. ಗ್ರಾಫಿಕ್ಸ್: ಈ ಹೆಸರಿನಿಂದ ಅನೇಕರು ಮೋಸಹೋಗುತ್ತಾರೆ. ಕಲಾ ಕಾಲೇಜಿನಲ್ಲಿ ಗ್ರಾಫಿಕ್ಸ್ ಎಂದರೆ ಕಂಪ್ಯೂಟರ್ ಕೆಲಸವಲ್ಲ, ಮುದ್ರಣಕಲೆ. ಮರದಲ್ಲಿ ಕೊರೆದು, ತಾಮ್ರ ಅಥವಾ ಸತುವಿನ ತಗಡನ್ನು ಆಮ್ಲದಲ್ಲಿ ತಿನ್ನಿಸಿ, ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವುದು. ನಮ್ಮ ಹಿರಿಯರ ಮನೆಗಳಲ್ಲಿದ್ದ ಎಷ್ಟೋ ಹಳೆಯ ಉರ್ದು ಕಿತಾಬುಗಳು ಕಲ್ಲಚ್ಚಿನಲ್ಲೇ ಮುದ್ರಣವಾದವು. ಅಲಿಗಢದಲ್ಲಿ ಹುಟ್ಟಿ, ಅಲ್ಲಿಯೇ ಗಣಿತ ಓದಿದ ಜರೀನಾ ಹಾಶ್ಮಿ (1937–2020) ಈ ಕಲೆಯಿಂದ ಜಗತ್ತಿನ ದೊಡ್ಡ ಮ್ಯೂಸಿಯಂಗಳನ್ನು ತಲುಪಿದರು. ಮನೆ ಮತ್ತು ವಲಸೆಯನ್ನು ಕುರಿತ ಅವರ 36 ಮರದಚ್ಚುಗಳ ಒಂದು ಸರಣಿಯಲ್ಲಿ ಮನುಷ್ಯಾಕೃತಿ ಇಲ್ಲ. ಸರಳ ರೇಖೆಗಳು ಮತ್ತು ಉರ್ದು ಪದಗಳಷ್ಟೇ ಇವೆ.

4. ಅನ್ವಯಿಕ ಕಲೆ: ಜಾಹೀರಾತು, ಪುಸ್ತಕದ ಮುಖಪುಟ, ಪ್ಯಾಕಿಂಗ್, ಲಾಂಛನ, ಅಕ್ಷರ ವಿನ್ಯಾಸ, ಪಠ್ಯದ ಚಿತ್ರಗಳು. ಕಂಪ್ಯೂಟರಿನ ಬಳಕೆ ಹೆಚ್ಚು. ಬೇಗ ಉದ್ಯೋಗ ಬೇಕೆನ್ನುವ ಕುಟುಂಬಗಳು ಮೊದಲು ವಿಚಾರಿಸಬೇಕಾದ ವಿಭಾಗ ಇದು.

5. ಛಾಯಾಚಿತ್ರಣ, ಸೆರಾಮಿಕ್, ಅನಿಮೇಷನ್, ಒಳಾಂಗಣ ಮತ್ತು ವಸ್ತು ವಿನ್ಯಾಸ: ಕೆಲವೇ ಕಾಲೇಜುಗಳಲ್ಲಿ ಲಭ್ಯ.

6. ಕಲಾ ಇತಿಹಾಸ: ಕೈಗಿಂತ ಓದು, ಬರಹ ಮುಖ್ಯ. ಮ್ಯೂಸಿಯಂ, ಗ್ಯಾಲರಿ, ಪತ್ರಿಕೆ, ಅಧ್ಯಾಪನದ ಕಡೆಗೆ ಹೋಗಬಯಸುವವರಿಗೆ.

ವಿಭಾಗವನ್ನು ಗೆಳೆಯರನ್ನು ನೋಡಿ ಆರಿಸಬೇಡಿ. ಮೊದಲ ವರ್ಷದಲ್ಲಿ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ, ಯಾವ ಕೆಲಸವನ್ನು ಅಧ್ಯಾಪಕರು ಮೆಚ್ಚಿದರು, ಅದರ ಸಾಮಗ್ರಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

ದೀನಿನ ಪ್ರಶ್ನೆ

ಈ ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ಈ ಪದವಿಯಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ನೋಡಿ ಬರೆಯುವ ಪಾಠ ಇರುತ್ತದೆ, ಶಿಲ್ಪ ವಿಭಾಗದಲ್ಲಿ ಅದು ಇನ್ನೂ ಹೆಚ್ಚು. ಜೀವಿಗಳ ಚಿತ್ರಣದ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ತೀರ್ಪು ಕೊಡುವುದು ಟ್ರಸ್ಟಿನ ಕೆಲಸವಲ್ಲ. ಪೋಷಕರು ತಾವು ನಂಬುವ ಆಲಿಮರನ್ನು ಕೇಳಿ, ಪಠ್ಯಕ್ರಮವನ್ನು ಅವರ ಮುಂದಿಟ್ಟು, ಪ್ರವೇಶಕ್ಕೆ ಮೊದಲೇ ನಿರ್ಧರಿಸುವುದು ಲೇಸು. ಮಧ್ಯದಲ್ಲಿ ಓದು ಬಿಡಿಸುವುದು ಮಗುವಿಗೆ ಮಾಡುವ ಅನ್ಯಾಯ.

ಆದರೆ ಕಲೆ ನಮಗೆ ಹೊರಗಿನದು ಎಂದು ಯಾರಾದರೂ ಹೇಳಿದರೆ, ನಮ್ಮ ರಾಜ್ಯದ ಕಟ್ಟಡಗಳನ್ನೇ ತೋರಿಸಬಹುದು. ಬೀದರಿನಲ್ಲಿ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನ್ ಮದರಸಾದ ಗೋಡೆಗಳ ಮೇಲೆ ಬಣ್ಣದ ಹೆಂಚುಗಳ ಕೆಲಸ ಇಂದಿಗೂ ಉಳಿದಿದೆ. ಅಲ್ಲಿಯ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರದ ಜಾಲಿಯಾಗಿ ಕೊರೆದಿದ್ದಾರೆ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರುವ ಬಿದ್ರಿ ಕಲೆ ಇಂದಿಗೂ ಜೀವಂತವಾಗಿದೆ. ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರಕಿತು. ಅಕ್ಷರ, ಜ್ಯಾಮಿತಿ, ಬಳ್ಳಿ, ಹೂವು ಇವುಗಳಲ್ಲಿ ಆಸಕ್ತಿಯುಳ್ಳ ಮಕ್ಕಳು ಅನ್ವಯಿಕ ಕಲೆ, ಮುದ್ರಣ, ಸೆರಾಮಿಕ್, ವಸ್ತು ವಿನ್ಯಾಸ, ಕಲಾ ಇತಿಹಾಸದ ವಿಭಾಗಗಳನ್ನು ವಿಚಾರಿಸಬಹುದು.

ಖರ್ಚು ಎಲ್ಲಿ ಬೀಳುತ್ತದೆ?

ಸರ್ಕಾರಿ ಸಂಸ್ಥೆಯಲ್ಲಿ ಶುಲ್ಕ ಕಡಿಮೆ, ಖಾಸಗಿಯಲ್ಲಿ ಹೆಚ್ಚು. ಎರಡರಲ್ಲೂ ಶುಲ್ಕದ ರಸೀದಿಯಲ್ಲಿ ಕಾಣದ ಖರ್ಚೊಂದಿದೆ, ಅದು ಸಾಮಗ್ರಿ. ಮೊದಲ ವರ್ಷ ಕಾಗದ, ಪೆನ್ಸಿಲ್, ಪೋಸ್ಟರ್ ಬಣ್ಣದಲ್ಲಿ ಸಾಗುತ್ತದೆ. ವಿಭಾಗ ಸೇರಿದ ಮೇಲೆ ಚಿತ್ರಕಲೆಗೆ ಕ್ಯಾನ್ವಾಸ್ ಮತ್ತು ತೈಲವರ್ಣ, ಮುದ್ರಣಕ್ಕೆ ತಗಡು ಮತ್ತು ದಪ್ಪ ಕಾಗದ, ಶಿಲ್ಪಕ್ಕೆ ಎರಕ, ಅನ್ವಯಿಕ ಕಲೆಗೆ ಕಂಪ್ಯೂಟರ್, ಛಾಯಾಚಿತ್ರಣಕ್ಕೆ ಕ್ಯಾಮೆರಾ ಬೇಕು. ಇದರ ಮೇಲೆ ಬಾದಾಮಿ, ಹಂಪಿ, ಅಜಂತಾದಂತಹ ಸ್ಥಳಗಳಿಗೆ ಅಧ್ಯಯನ ಪ್ರವಾಸ, ಕೊನೆಯ ವರ್ಷದ ಪ್ರದರ್ಶನಕ್ಕೆ ಚೌಕಟ್ಟು ಹಾಕಿಸುವುದು. ಬಣ್ಣ ಕೊಳ್ಳಲಾಗದ ವಿದ್ಯಾರ್ಥಿ ಕೆಲಸ ಒಪ್ಪಿಸುವುದಿಲ್ಲ, ಕೆಲಸ ಒಪ್ಪಿಸದವನಿಗೆ ಅಂಕ ಸಿಗುವುದಿಲ್ಲ. ಪುಸ್ತಕವಾದರೆ ಗೆಳೆಯನಿಂದ ಎರವಲು ತರಬಹುದು, ಖಾಲಿಯಾಗುವ ಬಣ್ಣವನ್ನು ಎಷ್ಟು ಸಲ ಕೇಳಲಾದೀತು?

ದಾನಿಗಳಲ್ಲಿ ವಿನಂತಿ ಇದು. ಕಲಾ ವಿದ್ಯಾರ್ಥಿಗೆ ಕೊಡುವ ನೆರವು ಪ್ರವೇಶದ ವರ್ಷಕ್ಕೆ ನಿಲ್ಲದಿರಲಿ, ಎರಡನೇ ವರ್ಷದಿಂದ ನಾಲ್ಕನೇ ವರ್ಷದ ತನಕ ಸಾಮಗ್ರಿಯ ಬಾಬ್ತು ಮುಂದುವರಿಯಲಿ. ಝಕಾತ್ ಹಣವನ್ನು ಈ ಬಾಬ್ತಿಗೆ ಕೊಡಬಯಸುವವರು ತಮ್ಮ ಆಲಿಮರನ್ನು ಕೇಳಿ ಕೊಡಬಹುದು, ಉಳಿದವರು ಸದಕಾ ನಿಧಿಯ ಮೂಲಕ ನೆರವಾಗಬಹುದು. ಸುಸ್ಥಿತಿಯಲ್ಲಿರುವ ಹಳೆಯ ಕ್ಯಾಮೆರಾ, ಲ್ಯಾಪ್‌ಟಾಪ್ ಕೂಡ ದೊಡ್ಡ ದಾನವೇ. ಮದುವೆಯ ಕಾರ್ಡು, ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಸಂಸ್ಥೆಯ ಕ್ಯಾಲೆಂಡರ್ ಇಂಥ ಕೆಲಸಗಳನ್ನು ಈ ಮಕ್ಕಳಿಗೆ ಕೊಟ್ಟು, ತಕ್ಕ ಮಜೂರಿಯನ್ನೂ ಕೊಟ್ಟರೆ ಅವರು ಕೈ ಚಾಚಬೇಕಾಗುವುದಿಲ್ಲ.

ಮುಂದೇನು?

ಜಾಹೀರಾತು ಮತ್ತು ವಿನ್ಯಾಸ ಸಂಸ್ಥೆಗಳು, ಪ್ರಕಾಶನ, ಪತ್ರಿಕೆ, ಮುದ್ರಣಾಲಯ, ಸಿನಿಮಾ ಕಲಾ ವಿಭಾಗ, ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕ ಹುದ್ದೆ ಇವು ಸಾಮಾನ್ಯ ದಾರಿಗಳು. ಶಿಕ್ಷಕ ಹುದ್ದೆಗೆ ಬೇರೆ ಅರ್ಹತೆಯನ್ನೂ ಕೇಳಬಹುದಾದ್ದರಿಂದ ನೇಮಕಾತಿ ಅಧಿಸೂಚನೆಯನ್ನು ಓದಿಕೊಳ್ಳಬೇಕು. ಎಂ.ವಿ.ಎ. ಮಾಡಿ, ದೃಶ್ಯಕಲೆ ವಿಷಯದಲ್ಲಿ ಯುಜಿಸಿ-ನೆಟ್ ಪಾಸಾದವರು ಕಾಲೇಜು ಅಧ್ಯಾಪಕರಾಗಬಹುದು. ಯಾವುದೇ ಪದವಿ ಸಾಕೆನ್ನುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಇವರು ಅರ್ಹರು. ಸ್ವತಂತ್ರ ಕಲಾವಿದರಾಗಿ ನಿಲ್ಲಲು ಮಾತ್ರ ಕೆಲವು ವರ್ಷ ತಾಳ್ಮೆ ಬೇಕು, ಆ ತನಕ ಪಕ್ಕದಲ್ಲೊಂದು ದುಡಿಮೆಯೂ ಬೇಕು.

ಅರ್ಜಿದಾರರಿಗೆ ಸೂಚನೆ

ದೃಶ್ಯಕಲಾ ಪದವಿಗೆ ನೆರವು ಕೋರುವವರು ಅಂಕಪಟ್ಟಿ, ಆದಾಯ ಪ್ರಮಾಣಪತ್ರದ ಜೊತೆಗೆ ಈ ಕೆಳಗಿನವನ್ನೂ ಲಗತ್ತಿಸಿದರೆ ಪರಿಶೀಲನೆ ಸುಲಭವಾಗುತ್ತದೆ:

• ಕಾಲೇಜು, ವಿಶ್ವವಿದ್ಯಾಲಯ ಮತ್ತು ಪದವಿಯ ಪೂರ್ಣ ಹೆಸರು.
• ನೋಡಿ ಬರೆದ ಸ್ಕೆಚ್‌ಗಳ ಕೆಲವು ಪ್ರತಿಗಳು.
• ಎರಡನೇ ವರ್ಷ ದಾಟಿದವರಾದರೆ, ವಿಭಾಗದ ಹೆಸರು ಮತ್ತು ಅಧ್ಯಾಪಕರು ಸಹಿ ಮಾಡಿದ ಸಾಮಗ್ರಿ ಪಟ್ಟಿ.
• ಬೇರೆ ಕಡೆಯಿಂದ ಪಡೆಯುತ್ತಿರುವ ನೆರವಿನ ವಿವರ.

ಇತರ ನೆರವುಗಳನ್ನೂ ಬಿಡಬೇಡಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿರುವ ಸರ್ಕಾರಿ ವಿದ್ಯಾರ್ಥಿವೇತನಗಳ ಬಗ್ಗೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲಿನಲ್ಲಿಯೂ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿಯೂ ವಿಚಾರಿಸಿ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದ ಯುವ ಕಲಾವಿದರಿಗಾಗಿ ಸಿ.ಸಿ.ಆರ್.ಟಿ. ಮೂಲಕ 2 ವರ್ಷದ ಶಿಷ್ಯವೇತನ ಕೊಡುತ್ತದೆ, ಅದರಲ್ಲಿ ದೃಶ್ಯಕಲೆಯೂ ಸೇರಿದೆ. ಕರ್ನಾಟಕ ಲಲಿತಕಲಾ ಅಕಾಡೆಮಿಯ ಪ್ರಕಟಣೆಗಳನ್ನೂ ಗಮನಿಸುತ್ತಿರಿ.

ನಿಮ್ಮ ಮನೆಯಲ್ಲಿ ನೋಟ್‌ಬುಕ್ಕಿನ ಕೊನೆಯ ಪುಟವನ್ನೆಲ್ಲ ಗೆರೆಗಳಿಂದ ತುಂಬಿಸುವ ಮಗುವಿದ್ದರೆ, ಗದರಿಸುವ ಮೊದಲು ಒಂದು ಸ್ಕೆಚ್ ಪುಸ್ತಕ ಕೊಡಿಸಿ, ಈ ಲೇಖನವನ್ನು ಅವರ ಚಿತ್ರಕಲಾ ಶಿಕ್ಷಕರಿಗೂ ತೋರಿಸಿ. ದಾನಿಗಳ ಸೇವೆಯನ್ನು ಅಲ್ಲಾಹನು ಸ್ವೀಕರಿಸಲಿ, ನಮ್ಮ ಮಕ್ಕಳ ಕೈಗಳಲ್ಲಿ ಬರಕತ್ ನೀಡಲಿ. ಆಮೀನ್.