10 ರೂಪಾಯಿಯ ಟಿಕೆಟ್, ಆಮೇಲಿನ 20 ಕಿಲೊಮೀಟರ್

ವಾಡಿ ಜಂಕ್ಷನ್ನಿನಿಂದ ಕಲಬುರಗಿ 37 ಕಿಲೊಮೀಟರ್. ಪ್ಯಾಸೆಂಜರ್ ಗಾಡಿಯಲ್ಲಿ ಕೂತರೆ 10 ರೂಪಾಯಿ, ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಿದರೆ 30. ಕೋವಿಡ್ ಕಾಲದಲ್ಲಿ ಪ್ಯಾಸೆಂಜರಿಗೂ ಕನಿಷ್ಠ 30 ರೂಪಾಯಿ ಮಾಡಿದ್ದ ರೈಲ್ವೆ, 2024ರ ಫೆಬ್ರವರಿ ಕೊನೆಯಲ್ಲಿ ಅದನ್ನು ಮತ್ತೆ 10ಕ್ಕೆ ಇಳಿಸಿತು. ದಿನಗೂಲಿಗೆ ಹೋಗಿಬರುವವರಿಗೆ ಇದು ಸಣ್ಣ ವಿಷಯವಲ್ಲ. ಹೋಗಿಬರುವ ಲೆಕ್ಕ ಹಿಡಿದರೆ ದಿನಕ್ಕೆ 40 ರೂಪಾಯಿ ಉಳಿತಾಯ, ತಿಂಗಳಿಗೆ ಸಾವಿರ.

ಈ ಅಂಕಣಕಾರ ಮತ್ತು ಅವನ ಹೆಂಡತಿ ವಾಡಿಯನ್ನೇ ನೆಲೆ ಮಾಡಿಕೊಂಡು ಚಿತ್ತಾಪುರ, ಸೇಡಂ, ಶಹಾಬಾದ್, ಚಿಂಚೋಳಿ ಕಡೆ ತಿರುಗಾಡಿದ್ದಾರೆ. ಆ ಖರ್ಚಿನ ಚೀಟಿಗಳನ್ನು ಹರಡಿಕೊಂಡು ಕೂತರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೂರದ ಪ್ರಯಾಣಕ್ಕೆ ಇಲ್ಲಿ ಹಣ ಖರ್ಚಾಗುವುದೇ ಇಲ್ಲ. ಹೋಗುವುದೆಲ್ಲ ಸ್ಟೇಷನ್ನಿನಿಂದಲೋ ಬಸ್ ನಿಲ್ದಾಣದಿಂದಲೋ ಊರು ಮುಟ್ಟುವ ಕೊನೆಯ ಹತ್ತಿಪ್ಪತ್ತು ಕಿಲೊಮೀಟರಿಗೆ, ಮತ್ತು ಅಲ್ಲಿ ಕಾಯುವ ಹೊತ್ತಿಗೆ.

ವಾಡಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಹಳಿಗಳು. ಮುಂಬೈಯಿಂದ ಹೊರಟ ರೈಲು ಮಾರ್ಗ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಮಾರ್ಗಕ್ಕೆ ಕೂಡಿಕೊಂಡಿತು. ಹೈದರಾಬಾದನ್ನು ಅದಕ್ಕೆ ಜೋಡಿಸಲು ನಿಜಾಮರ ಸಂಸ್ಥಾನ ವಾಡಿಯಿಂದ ಸಿಕಂದರಾಬಾದಿಗೆ ಹಾಕಿಸಿದ ಮಾರ್ಗ 1874ರಲ್ಲಿ ತೆರೆಯಿತು. ಹಾಗಾಗಿ ಇಲ್ಲಿಂದ ಮೂರು ದಿಕ್ಕಿಗೂ ಗಾಡಿಗಳಿವೆ: ಒಂದು ಕಡೆ ಶಹಾಬಾದ್, ಕಲಬುರಗಿ, ಇನ್ನೊಂದು ಕಡೆ ನಾಲವಾರ, ಯಾದಗಿರಿ, ಮೂರನೆಯ ಕಡೆ ಚಿತ್ತಾಪುರ, ಸೇಡಂ, ತಾಂಡೂರು. ಸಿಮೆಂಟ್ ಕಾರ್ಖಾನೆಯ ಊರಾದ್ದರಿಂದ ಲಾಡ್ಜಿನ ಕಿಟಕಿ ತೆರೆದಿಟ್ಟರೆ ಧೂಳು ಖಚಿತ. ಆದರೂ ಕಡಿಮೆ ದುಡ್ಡಿನಲ್ಲಿ ಸುತ್ತುವವರಿಗೆ ಈ ಸೀಮೆಯಲ್ಲಿ ಇದಕ್ಕಿಂತ ಅನುಕೂಲದ ಜಾಗ ಬೇರೆ ಇಲ್ಲ.

ಜನರಲ್ ಬೋಗಿಯಲ್ಲಿ ಕೂರುವ ಪ್ರವಾಸಿ ಒಂದು ಮಾತು ನೆನಪಿಡಬೇಕು. ಅಲ್ಲಿ ಕೂತವರಲ್ಲಿ ಬಹಳ ಮಂದಿ ತಿರುಗಾಟಕ್ಕೆ ಹೊರಟವರಲ್ಲ. ಚಿಂಚೋಳಿ ಕಡೆಯ ತಾಂಡಾಗಳಿಂದ, ಚಿತ್ತಾಪುರದ ಹಳ್ಳಿಗಳಿಂದ ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳು ಪಾತ್ರೆ, ಹಾಸಿಗೆ, ರೊಟ್ಟಿಯ ಗಂಟು ಸಮೇತ ಕೂತಿರುತ್ತವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಚಿಂಚೋಳಿ, ಚಿತ್ತಾಪುರ, ಸೇಡಂ ಮೂರೂ ಆ ಪಟ್ಟಿಯಲ್ಲಿವೆ. ಅಗ್ಗದ ಟಿಕೆಟ್ ಇರುವುದು ಮೊದಲು ಇವರಿಗಾಗಿ.

ಬಸ್ಸಿನಲ್ಲಿ ಗಂಡ ಹೆಂಡತಿಯ ಲೆಕ್ಕ ಬೇರೆ ಬೇರೆ. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಡತಿಗೆ ಶೂನ್ಯ ಟಿಕೆಟ್. 2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿದ್ದರಿಂದ ಗಂಡನ ಟಿಕೆಟ್ ಇನ್ನಷ್ಟು ಭಾರವಾಯಿತು. ಸೇಡಂ ಬಸ್ಸಿನಲ್ಲಿ ಪಕ್ಕ ಕೂತಿದ್ದ ಒಬ್ಬ ಆಯಿ, ‘ಮೊದ್ಲ ಮಗಳ ಮನಿಗಿ ವರ್ಸಕ್ಕೊಮ್ಮಿ ಹೋಗ್ತಿದ್ದೆ, ಈಗ ತಿಂಗಳಿಗೊಮ್ಮಿ ಹೋಗ್ತೀನಿ ನೋಡವ್ವಾ’ ಎಂದು ಹೆಂಡತಿಯ ಕೈ ಹಿಡಿದು ಹೇಳಿದರು. ಈ ಯೋಜನೆಯ ಮೇಲೆ ಎಷ್ಟು ವಾದ ನಡೆದರೂ ಆ ಮಾತಿನ ಬೆಲೆ ಕಡಿಮೆಯಾಗದು. ಆದರೆ ಅಂತರರಾಜ್ಯ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ, ತೆಲಂಗಾಣದ ತಾಂಡೂರಿಗೆ ದಾಟುವವರು ದುಡ್ಡು ಕೊಡಲೇಬೇಕು. ಸೇಡಂನಿಂದ ಅತ್ತ ಹೋಗಲು ಪ್ಯಾಸೆಂಜರ್ ರೈಲೇ ಅಗ್ಗ.

ಇನ್ನು ಬಸ್ಸೇ ಇಲ್ಲದ ಕಡೆ ಶೂನ್ಯ ಟಿಕೆಟ್ಟಿನಿಂದ ಏನು ಪ್ರಯೋಜನ? ಇದು ಗೊತ್ತಾಗಿದ್ದು ಸನ್ನತಿಯಲ್ಲಿ.

ಭೀಮಾ ನದಿಯ ದಂಡೆಯ ಸನ್ನತಿ ಚಿತ್ತಾಪುರ ತಾಲ್ಲೂಕಿನ ಊರು. ಚಂದ್ರಲಾಂಬಾ ದೇವಸ್ಥಾನಕ್ಕೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಹೊರಬಿತ್ತು. ಆಮೇಲೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅಲ್ಲಿನ ಒಂದು ಶಿಲ್ಪದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. ಸಾಮ್ರಾಟನ ಹೆಸರನ್ನೇ ಹೊತ್ತ ಅಶೋಕನ ಶಿಲ್ಪ ಕಂಡ ಈ ನೆಲ ದೇಶದ ಚರಿತ್ರೆಯಲ್ಲೇ ಅಪರೂಪದ್ದು.

ಹತ್ತಿರದ ಸ್ಟೇಷನ್ ನಾಲವಾರ, ಅಲ್ಲಿಂದ ಸುಮಾರು 20 ಕಿಲೊಮೀಟರ್. ದಂಪತಿ ಇಳಿದಾಗ ಬಸ್ ಹೋಗಿಯಾಗಿತ್ತು. ಸೀಟಿನ ಲೆಕ್ಕದಲ್ಲಿ ಓಡುವ ಟಂಟಂ ಆಟೊದ ಹುಡುಗ, ‘ಇನ್ನ ನಾಕ್ ಮಂದಿ ಬರ್ಲಿ ಸರ್, ಬಿಡ್ತೀನ್ರಿ’ ಎಂದ. ನಾಲ್ಕು ಮಂದಿ ಬರಲು ಒಂದು ಗಂಟೆ ಹಿಡಿಯಿತು. ಸೀಟಿಗೆ 40 ರೂಪಾಯಿ. ರೈಲಿಗೆ ಕೊಟ್ಟಿದ್ದಕ್ಕಿಂತ ನಾಲ್ಕು ಪಟ್ಟು, ಅದೂ ಹೆಚ್ಚೇನಲ್ಲ ಅನ್ನಿಸುವಂಥ ರಸ್ತೆ. ಸ್ತೂಪದ ಅವಶೇಷಗಳ ನಡುವೆ ಕಳೆದ ಮಧ್ಯಾಹ್ನ ಈ ತಿರುಗಾಟದ ಶಿಖರವೆಂದೇ ಹೇಳಬೇಕು.

ವಾಪಸ್ ಬರುವಾಗ ಟಂಟಂನ ಗಾಲಿ ಪಂಚರ್ ಆಯಿತು, ಬದಲಿ ಗಾಲಿ ಇರಲಿಲ್ಲ. ಹುಡುಗ ಫೋನ್ ಮಾಡಿ ಮಾವನ ಮಗನನ್ನು ಬೈಕಿನಲ್ಲಿ ಕರೆಸಿ ಗಾಲಿ ಹಾಕಿಸುವಷ್ಟರಲ್ಲಿ ಸಂಜೆಯ ಪ್ಯಾಸೆಂಜರ್ ಹೋಗಿಬಿಟ್ಟಿತ್ತು. ಅಂಕಣಕಾರ ದಂಪತಿಗೆ ಆದ ನಷ್ಟ ಒಂದು ರಾತ್ರಿಯ ಲಾಡ್ಜ್, 600 ರೂಪಾಯಿ. ಆದರೆ ಅದೇ ಟಂಟಂನಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ಯಾದಗಿರಿಗೆ ಹೊರಟಿದ್ದ ತಾಯಿಯೊಬ್ಬರು ಕೂತಿದ್ದರು. ಅವರು ಕಾರು ಬಾಡಿಗೆ ಹಿಡಿಯಬೇಕಾಯಿತು, ಸಾವಿರಕ್ಕೂ ಮೇಲೆ. ಅವರ ಮೂರು ದಿನದ ಕೂಲಿ ಅದು. ಹುಡುಗ ಅವರಿಂದ ಟಂಟಂ ಬಾಡಿಗೆ ಮುಟ್ಟಲಿಲ್ಲ. ‘ಬ್ಯಾಡ್ರಿ ಯಕ್ಕಾ, ಮೊದ್ಲ ಕೂಸಿನ್ನ ನೋಡ್ರಿ’ ಅಂದ. ಪ್ರವಾಸಿಯ ಲೆಕ್ಕದಲ್ಲಿ ಅಡಚಣೆ ಎಂದು ಬರೆಯುವ ಸಾಲು ಇಲ್ಲಿಯವರ ಲೆಕ್ಕದಲ್ಲಿ ಸಾಲವಾಗಿ ಕೂರುತ್ತದೆ.

ಮಳಖೇಡದಲ್ಲಿ ಇಂಥ ಕಷ್ಟ ಕಡಿಮೆ, ಕಲಬುರಗಿ–ಸೇಡಂ ಬಸ್ಸುಗಳು ಆ ದಾರಿಯಲ್ಲೇ ಓಡುತ್ತವೆ. ರೈಲಿನಲ್ಲಿ ಬರುವವರು ಮಾತ್ರ ‘ಮಳಖೇಡ ರೋಡ್’ ಸ್ಟೇಷನ್ನಿನಲ್ಲಿ ಇಳಿದು ಮತ್ತೆ ಗಾಡಿ ಹುಡುಕಬೇಕು. ಕಾಗಿಣಾ ನದಿ ಪಕ್ಕದ ಈ ಹಳ್ಳಿಯೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅರಬ್ ವ್ಯಾಪಾರಿ ಸುಲೈಮಾನ್ 9ನೇ ಶತಮಾನದಲ್ಲಿ ಈ ಅರಸರನ್ನು ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಎಣಿಸಿದ. ಕನ್ನಡದಲ್ಲಿ ಉಳಿದುಬಂದ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಇಲ್ಲಿನ ನೃಪತುಂಗನ ಆಸ್ಥಾನದಲ್ಲಿ. ಕೋಟೆ, ನೇಮಿನಾಥ ಬಸದಿ, ಟೀಕಾರಾಯರೆಂದು ಹೆಸರಾದ ಜಯತೀರ್ಥರ ವೃಂದಾವನ, ಎಲ್ಲವೂ ನಡೆದೇ ಮುಗಿಯುವಷ್ಟು ಹತ್ತಿರ.

ಸೇಡಂನ ಖಾನಾವಳಿಯೊಂದರಲ್ಲಿ ಊಟಕ್ಕೆ 90 ರೂಪಾಯಿ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಈ ಮಣ್ಣಿನ ತೊಗರಿಯ ಬ್ಯಾಳಿ, ಶೇಂಗಾ ಹಿಂಡಿ, ಮೊಸರು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಒಂದು ತುತ್ತು ಬಾಯಿಗಿಟ್ಟರೆ ಅದಕ್ಕೆ ಬೇರೆ ಸಾಕ್ಷಿ ಬೇಡ.

ಚಿಂಚೋಳಿ ಪಟ್ಟಣಕ್ಕೆ ರೈಲಿಲ್ಲ. 2011ರಲ್ಲಿ ವನ್ಯಜೀವಿ ಧಾಮವಾದ ಅಲ್ಲಿನ ಕಾಡು, ಚಂದ್ರಂಪಳ್ಳಿ ಜಲಾಶಯ, ಮಳೆಗಾಲದ ಎತ್ತಿಪೋತ ಜಲಪಾತ ನೋಡಲು ಪಟ್ಟಣದಿಂದ ಇಡೀ ಆಟೊ ಹಿಡಿಯದೆ ಬೇರೆ ದಾರಿ ಸಿಗಲಿಲ್ಲ. ಇಬ್ಬರೇ ಆದರೆ ಅದು ದುಬಾರಿ, ಐದಾರು ಮಂದಿ ಸೇರಿದರೆ ಹಗುರ. ಹೋಗುವುದಿದ್ದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗಬೇಕು. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನಕ್ಕೆ ಮುಚ್ಚುವ ಜಿಲ್ಲೆ ಇದು. ಆ ಬಿಸಿಲಿನಲ್ಲಿ ಉಳಿಸಿದ ಹಣ ನೀರು, ಎಳನೀರು, ಔಷಧಿಗೆ ಕರಗುತ್ತದೆ.

ಹೊರಡುವವರು ಕೈಯಲ್ಲಿರುವ ಪ್ರಯಾಣದ ಹಣದಲ್ಲಿ ಅರ್ಧಕ್ಕೂ ಹೆಚ್ಚನ್ನು ಟಂಟಂ, ಆಟೊಗಳಿಗೆ ತೆಗೆದಿಡಿ. ಒಂದು ರಾತ್ರಿಯ ಲಾಡ್ಜ್ ಖರ್ಚು ಮುಟ್ಟದಂತೆ ಬೇರೆ ಇರಲಿ. ವಾಪಸ್ ರೈಲಿನ ಟಿಕೆಟ್ಟನ್ನು ಮೊದಲೇ ಕೊಳ್ಳಬೇಡಿ: 199 ಕಿ.ಮೀ. ಒಳಗಿನ ಜನರಲ್ ಟಿಕೆಟ್ಟಿಗೆ ಮೂರು ಗಂಟೆ, ಇಲ್ಲವೇ ಆ ಊರಿಗೆ ಹೋಗುವ ಮೊದಲ ಗಾಡಿ ಹೊರಡುವ ತನಕ ಮಾತ್ರ ಬೆಲೆ. ಅದು ದಾಟಿದ ಮೇಲೆ ಆ ಟಿಕೆಟ್ ಹಿಡಿದು ಹತ್ತಿದರೆ ಪ್ರಯಾಣ ದರದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ.

ಸಾರಿಗೆ ಅಧಿಕಾರಿಗಳಲ್ಲಿ, ಈ ತಾಲ್ಲೂಕುಗಳ ಶಾಸಕರಲ್ಲಿ ಒಂದು ಕೋರಿಕೆ. ನಾಲವಾರಕ್ಕೆ ಬೆಳಿಗ್ಗೆ, ಸಂಜೆ ಪ್ಯಾಸೆಂಜರ್ ಬರುವ ಹೊತ್ತಿಗೆ ಸರಿಯಾಗಿ ಸನ್ನತಿಯ ಬಸ್ ನಿಲ್ಲುವಂತೆ ಮಾಡಿ. ಹೊಸ ರಸ್ತೆ ಬೇಕಿಲ್ಲ, ಹೊಸ ಹಳಿ ಬೇಕಿಲ್ಲ, ವೇಳಾಪಟ್ಟಿ ಹೊಂದಿಸಿದರೆ ಸಾಕು. ಅಲ್ಲಿಯವರೆಗೆ ಅತ್ತ ಹೋಗುವ ಓದುಗರು ಟಂಟಂನವನ ಜೊತೆ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ.