ಮುಪ್ಪು, ಮಾಂಸಖಂಡ ಮತ್ತು ಆಕರಕೋಶ

ಮುಪ್ಪು ಬಂದರೆ ಮೈ ಸೊರಗುವುದು ಸಹಜವೆಂದು ಎಲ್ಲರೂ ಬಲ್ಲರು. ಅದು ಏಕೆ ಸೊರಗುತ್ತದೆ, ಅದನ್ನು ತಡೆಯಲು ಸಾಧ್ಯವೇ ಎಂದು ನಾನು ಕಳೆದ ವರ್ಷದವರೆಗೆ ಯೋಚಿಸಿದವನಲ್ಲ. ಒಂದು ಕಾಲಕ್ಕೆ ರಾಗಿಮೂಟೆಯನ್ನು ಒಬ್ಬರೇ ಹೊತ್ತು ತರುತ್ತಿದ್ದ ನಮ್ಮ ತಾತನವರು ಈಗ ಗೋಡೆ ಹಿಡಿಯದೆ ಜಗಲಿಯಿಂದ ಏಳಲಾರರು. ಬೇಸಿಗೆಯಲ್ಲಿ ಯಾರೋ ಮನೆಗೆ ಒಂದು ಕರಪತ್ರ ತಂದುಕೊಟ್ಟರು. 'ಸ್ಟೆಮ್ ಸೆಲ್' ಚುಚ್ಚುಮದ್ದಿನಿಂದ ವೃದ್ಧರಿಗೆ ಯೌವನದ ಬಲ ಬರುವುದೆಂದು ಅದರಲ್ಲಿ ಅಚ್ಚಾಗಿತ್ತು. ಅದಕ್ಕಾಗಿ ಹತ್ತು ಗುಂಟೆ ಹೊಲ ಮಾರಲೂ ಸಿದ್ಧರಾದ ನಮ್ಮ ತಂದೆಯವರು, "ಮನೆಯಲ್ಲಿ ಓದಿದವನು ನೀನೊಬ್ಬ. ನಿಜವೋ ಸುಳ್ಳೋ ನೋಡಿ ಹೇಳಪ್ಪ" ಎಂದರು. ನಾನು ಕಲಾ ವಿಭಾಗದ ವಿದ್ಯಾರ್ಥಿ. ಆದರೂ ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇನೆ.

ವಯಸ್ಸಾದಂತೆ ಮಾಂಸಖಂಡ ಕರಗುವ ಸ್ಥಿತಿಗೆ 1980ರ ದಶಕದ ಕೊನೆಯಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರು 'ಸಾರ್ಕೊಪೀನಿಯ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಮಾಂಸದ ಕೊರತೆ ಎಂದರ್ಥ. ನರಗಳ ಹಿಡಿತ ಸಡಿಲವಾಗುವುದು, ಊಟ ಕುಗ್ಗುವುದು, ದುಡಿಮೆ ನಿಲ್ಲುವುದು, ಇವೆಲ್ಲವೂ ಅದಕ್ಕೆ ಕಾರಣಗಳು.

ಇನ್ನು ಆಕರಕೋಶವೆಂದರೇನು? ತಾನೂ ಉಳಿದು, ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಜೀವಕೋಶವೇ ಆಕರಕೋಶ. ಬಿತ್ತನೆಗೆಂದು ಎತ್ತಿಟ್ಟ ಕಾಳಿಗೆ ಅದನ್ನು ಹೋಲಿಸಬಹುದು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಮಾಂಸಖಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಎಳೆಗಳ ಅಂಚಿಗೆ ಅಂಟಿಕೊಂಡಿದ್ದ ಕೋಶಗಳನ್ನು ಕಂಡರು. ಅವೇ ಮಾಂಸಖಂಡದ ಆಕರಕೋಶಗಳು. ಸಾಮಾನ್ಯವಾಗಿ ಅವು ನಿದ್ರಿಸುತ್ತಿರುತ್ತವೆ. ಗಾಯವಾದಾಗ ಎಚ್ಚೆತ್ತು ದುರಸ್ತಿ ಮಾಡುತ್ತವೆ.

ಮುಪ್ಪಿನಲ್ಲಿ ಈ ಎಚ್ಚರ ಮಂದವಾಗುತ್ತದೆ. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮುದಿ ಇಲಿಯ ರಕ್ತಪ್ರವಾಹವನ್ನು ಎಳೆಯ ಇಲಿಯ ರಕ್ತಪ್ರವಾಹಕ್ಕೆ ಜೋಡಿಸಿದಾಗ, ಮುದಿ ಇಲಿಯ ಆಕರಕೋಶಗಳು ಮತ್ತೆ ಚುರುಕಾದವು. ಆಸೆ ಹುಟ್ಟಿದ್ದು ಇಂತಹ ಪ್ರಯೋಗಗಳಿಂದಲೇ. ಆದರೆ 2015ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದವರು ಇಲಿಗಳ ಮಾಂಸಖಂಡದಿಂದ ಈ ಕೋಶಗಳಲ್ಲಿ ಬಹುಪಾಲನ್ನು ತೆಗೆದುಹಾಕಿದರೂ, ಅವು ಉಳಿದ ಇಲಿಗಳಿಗಿಂತ ಬೇಗ ಸೊರಗಲಿಲ್ಲ! ಅಂದರೆ ಕೋಶಗಳನ್ನು ತುಂಬಿದ ಮಾತ್ರಕ್ಕೆ ಮುಪ್ಪು ಹಿಂದಿರುಗದು.

ಮನುಷ್ಯರ ಮೇಲೂ ಪ್ರಯೋಗಗಳಾಗಿವೆ. 2017ರಲ್ಲಿ ಪ್ರಕಟವಾದ ಮಯಾಮಿ ನಗರದ ಪ್ರಯೋಗದಲ್ಲಿ 30 ಮಂದಿ ದುರ್ಬಲ ವೃದ್ಧರಿದ್ದರು. ಪರರ ಅಸ್ಥಿಮಜ್ಜೆಯಿಂದ ಬೆಳೆಸಿದ 10 ಕೋಟಿ ಕೋಶಗಳನ್ನು ಪಡೆದವರ ನಡಿಗೆ ಉತ್ತಮಗೊಂಡಿತು. 20 ಕೋಟಿ ಪಡೆದವರಿಗೆ ಅಷ್ಟು ಫಲವಾಗಲಿಲ್ಲ. ಇದು ಭರವಸೆ ಮಾತ್ರ, ಚಿಕಿತ್ಸೆಯಲ್ಲ. ಅದೇ ವರ್ಷ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯು, ಕೆಲವು ರಕ್ತಸಂಬಂಧಿ ರೋಗಗಳ ಹೊರತು ಮಿಕ್ಕೆಲ್ಲ ಆಕರಕೋಶ ಪ್ರಯೋಗಗಳೂ ಸಂಶೋಧನೆಯಷ್ಟೇ, ಅವನ್ನು ಚಿಕಿತ್ಸೆಯೆಂದು ಮಾರಕೂಡದು ಎಂದು ಸ್ಪಷ್ಟಪಡಿಸಿತು.

ಹಾಗಾದರೆ ಉಪಾಯವೇ ಇಲ್ಲವೇ? ಇದೆ. 1990ರಲ್ಲಿ ಬಾಸ್ಟನ್ ನಗರದಲ್ಲಿ ವೈದ್ಯೆ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಸುಮಾರು 90 ವರ್ಷದ 10 ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಹೇಳಿಕೊಟ್ಟರು. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯ ಕಾಲ್ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು.

ನಾನು ಇದನ್ನೆಲ್ಲ ಹೇಳಿದಾಗ ತಂದೆಯವರು, "ಇಷ್ಟು ಓದಿದ್ದು ಬೇಡವೆನ್ನುವುದಕ್ಕೇನೋ?" ಎಂದು ನೊಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೊಲ ಉಳಿಯಿತು. ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿ, ತಾತನವರಿಗೆ ಬೆಳಿಗ್ಗೆ ಸಂಜೆ ಹತ್ತು ಹತ್ತು ಸಾರಿ ಕುಳಿತೇಳುವುದನ್ನು ರೂಢಿ ಮಾಡಿಸಿದ್ದೇವೆ; ಊಟದ ಜೊತೆ ಹುರುಳಿ, ಮೊಟ್ಟೆ ಕೊಡುತ್ತಿದ್ದೇವೆ. ಅವರು ಇನ್ನೂ ಗೋಡೆಯನ್ನು ಬಿಟ್ಟಿಲ್ಲ. ಆದರೆ ಈಗ ಎಣಿಕೆ ಹಾಕುವವರು ನಮ್ಮ ತಂದೆಯವರೇ.

ಆಕರಕೋಶದ ವಿದ್ಯೆ ಮುಂದೊಂದು ದಿನ ಫಲಿಸಲಿ. ಅಲ್ಲಿಯವರೆಗೆ, ಮನೆಯಲ್ಲಿ ಮೊದಲು ಓದಿದ ನಮ್ಮಂಥವರು ಕರಪತ್ರವನ್ನು ಹಿರಿಯರಿಗೆ ಓದಿ ಹೇಳಿದರೆ ಸಾಲದು; ಅದನ್ನು ಪರೀಕ್ಷಿಸಿಯೂ ಹೇಳಬೇಕು.