ಇಂಗ್ಲಿಷ್ ಅಕ್ಕೋರಿಗೊಂದು ಕಾಗದ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಶಾಲೆಗಳಲ್ಲಿ ಕಲಿತು, ಈಗ ಬೆಂಗಳೂರು, ಪುಣೆಗಳಲ್ಲಿ ಇಂಗ್ಲಿಷಿನಲ್ಲೇ ದುಡಿಯುತ್ತಿರುವವರಿಗೆ ಒಂದು ಮಾತು. ನಿಮ್ಮ ನಾಲಿಗೆಯ ಅಳುಕು ಬಿಡಿಸಿದ ಅಕ್ಕೋರನ್ನು ನೆನೆಯಲು ಅವರ ನಿವೃತ್ತಿಯ ಶಾಲು, ಹಾರಗಳಿಗೆ ಕಾಯಬೇಡಿ. (ಆ ದಿನ ಮಾತೆಲ್ಲ ಅತಿಥಿಗಳದೇ.) ಈಗಲೇ ಕಾಗದ ಬರೆಯಿರಿ. ‘ನೀವು ದೇವರ ಸಮಾನ’ ಎಂದರೆ ಸಾಲದು. ಯಾವ ಪಾಠ, ಯಾವ ಬೈಗುಳ, ಯಾವ ತಿದ್ದುಪಡಿ ಇನ್ನೂ ನೆನಪಿದೆ ಎಂದು ಹೇಳಿ.

ಹೀಗೆ ಒಂದು ತಿದ್ದುಮಾತನ್ನು ನೆನಪಿಟ್ಟವರು ಕವಿ ಕುವೆಂಪು. 1924ರಲ್ಲಿ ಮೈಸೂರಿನಲ್ಲಿ ಅವರು ತಮ್ಮ ಇಂಗ್ಲಿಷ್ ಕವನಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದರು. ತಾಯ್ನುಡಿಯಲ್ಲಿ ಬರೆಯಿರಿ ಎಂದರಂತೆ ಅವರು. ಕುವೆಂಪು ಅದನ್ನು ಮರೆಯದೆ ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ಯಲ್ಲಿ ಬರೆದಿಟ್ಟರು. ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ.ಶ್ರೀ. ಅವರೂ 1911ರಲ್ಲಿ ಧಾರವಾಡಕ್ಕೆ ಬಂದು ಮಾತಾಡಿದ್ದು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತೇ. ಒಳ್ಳೆಯ ಇಂಗ್ಲಿಷ್ ಗುರು ಮಕ್ಕಳನ್ನು ಕನ್ನಡದಿಂದ ಕೀಳುವುದಿಲ್ಲ.

ವಿಳಾಸ ಗೊತ್ತಿಲ್ಲವೇ? ಶಾಲೆಯ ಮುಖ್ಯಗುರುಗಳನ್ನು ಕೇಳಿ. ಕಾಗದ ಕನ್ನಡದಲ್ಲೇ ಇರಲಿ, ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದಾದರೆ ಮಾತ್ರ ಸ್ಪೆಲ್ಲಿಂಗ್ ಎರಡು ಸಲ ನೋಡಿಕೊಳ್ಳಿ. ಕೆಂಪು ಪೆನ್ನು ಇನ್ನೂ ಅವರ ಕೈಯಲ್ಲೇ ಇದ್ದೀತು.